ಆಂಬುಲೆನ್ಸ್‌ನಲ್ಲಿ ಲೈಸೆನ್ಸ್ ಇರುವುದು ಯಾರಿಗೆ?

ಬೆಂಗಳೂರಿನಲ್ಲಿ ಆಂಬುಲೆನ್ಸ್ ಅಂದ ಕೂಡಲೇ ಮಾತು ಟ್ರಾಫಿಕ್ ಕಡೆ ತಿರುಗುತ್ತದೆ. ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡಿತ್ತು, ಸಿಲ್ಕ್ ಬೋರ್ಡ್ ಹತ್ತಿರ ಯಾರೂ ದಾರಿ ಬಿಡಲಿಲ್ಲ, ಪೊಲೀಸರು ಸಿಗ್ನಲ್ ತೆರೆದುಕೊಟ್ಟರು. ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 194ಇ ಕಲಂ ಪ್ರಕಾರ 10,000 ರೂಪಾಯಿ ದಂಡವೂ ಇದೆ. ಇದೆಲ್ಲ ಸರಿ. ಆದರೆ ಗಾಡಿಯ ಒಳಗೆ ರೋಗಿಯ ಪಕ್ಕ ಕೂತಿರುವವರು ಯಾರು? ಅವರು ಏನು ಓದಿದ್ದಾರೆ? ಏನು ಮಾಡಲು ಅವರಿಗೆ ಅಧಿಕಾರ ಇದೆ? ಇದನ್ನು ಕೇಳುವವರು ಕಮ್ಮಿ.

ಯಾವುದಾದರೂ ಒಂದು ಆಂಬುಲೆನ್ಸ್‌ನ ಕಾಗದಪತ್ರ ತೆಗೆದು ನೋಡಿ. ಗಾಡಿಗೆ ಆರ್‌ಸಿ ಇದೆ, ಎಫ್‌ಸಿ ಇದೆ, ಇನ್ಶೂರೆನ್ಸ್ ಇದೆ. ಗಾಡಿ ಹೇಗಿರಬೇಕು ಅನ್ನುವುದಕ್ಕೆ ಎಐಎಸ್-125 ಎಂಬ ರಾಷ್ಟ್ರೀಯ ಮಾನದಂಡ ಇದೆ. ಅದು ಆಂಬುಲೆನ್ಸ್‌ಗಳನ್ನು ಎ, ಬಿ, ಸಿ, ಡಿ ಅಂತ ನಾಲ್ಕು ಬಗೆ ಮಾಡುತ್ತದೆ. ಎ ಅಂದರೆ ಮೊದಲು ಓಡಿಬರುವ ಚಿಕ್ಕ ಗಾಡಿ. ಬಿ ಅಂದರೆ ಬರೀ ರೋಗಿಯನ್ನು ಸಾಗಿಸುವ ಗಾಡಿ. ಸಿ ಬೇಸಿಕ್ ಲೈಫ್ ಸಪೋರ್ಟ್, ಅಂದರೆ ಜೀವ ಉಳಿಸುವ ಮೂಲಭೂತ ಚಿಕಿತ್ಸೆಯ ಗಾಡಿ. ಡಿ ಅಡ್ವಾನ್ಸ್ಡ್ ಲೈಫ್ ಸಪೋರ್ಟ್, ಅಂದರೆ ಮುಂದುವರಿದ ಚಿಕಿತ್ಸೆಯದು. ಹೊರಗಿನ ಬಣ್ಣ, ದೀಪ, ಒಳಗಿನ ಜಾಗ, ಸ್ಟ್ರೆಚರ್, ಎಲ್ಲದಕ್ಕೂ ಅದರಲ್ಲಿ ನಿಯಮ ಇದೆ. ಮುಂದೆ ಕೂತ ಡ್ರೈವರ್, ಅಂದರೆ ಪೈಲಟ್‌ಗೆ ಡಿಎಲ್ ಇರಲೇಬೇಕು. ಹಿಂದೆ ಕೂತವರ ಹತ್ತಿರ ಒಂದು ಸರ್ಟಿಫಿಕೇಟ್ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ದಾರಿಯಲ್ಲಿ ನಿಲ್ಲಿಸಿ ಕೇಳುವ ಅಧಿಕಾರಿ ಯಾರೂ ಇಲ್ಲ.

ಇಷ್ಟು ಹೇಳಿದರೆ ಎಲ್ಲರ ಮನಸ್ಸಿಗೆ ಬರುವುದು ನಕಲಿಗಳ ವಿಷಯ. ಏನೂ ಓದದವನು ಪ್ಯಾರಾಮೆಡಿಕ್ (ಗಾಡಿಯಲ್ಲಿ ತುರ್ತು ಚಿಕಿತ್ಸೆ ಕೊಡುವವನು) ಅಂತ ಹೇಳಿಕೊಂಡು ಓಡಾಡುತ್ತಾನಲ್ಲ ಅಂತ. ಅದೂ ಇದೆ. ಆದರೆ ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವುದು ಬೇರೆ. ನಾಲ್ಕು ವರ್ಷ ಸರಿಯಾಗಿ ಓದಿ ಬಂದವರಿಗೂ ಗಾಡಿಯಲ್ಲಿ ತಾವು ಎಷ್ಟರ ಮಟ್ಟಿಗೆ ಕೈ ಹಾಕಬಹುದು ಅನ್ನುವುದು ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಏನು ಮಾಡುತ್ತಾರೆ? ಕಮ್ಮಿ ಮಾಡುತ್ತಾರೆ. ಆಕ್ಸಿಜನ್ ಹಾಕಿ, ಬೇಗ ಹೋಗೋಣ ಅಂತ ಪೈಲಟ್‌ಗೆ ಹೇಳಿ ಕೂರುತ್ತಾರೆ.

ಹಿಂದಿನ ಸೀಟಿನ ಕೆಲಸ

ತುಮಕೂರಿನಿಂದ ಬೆಂಗಳೂರಿಗೆ ಒಬ್ಬ ರೋಗಿಯನ್ನು ಶಿಫ್ಟ್ ಮಾಡುತ್ತಿದ್ದಾರೆ ಅಂದುಕೊಳ್ಳಿ. ನ್ಯುಮೋನಿಯಾ. ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಇಳಿಯುತ್ತಿದೆ. ನಿಮಿಷಕ್ಕೆ 10 ಲೀಟರ್ ಆಕ್ಸಿಜನ್ ಬೇಕು. ದೂರ ಸುಮಾರು 70 ಕಿಲೋಮೀಟರ್. ಗಾಡಿಯಲ್ಲಿ ಇರುವುದು ಒಂದೇ ಬಿ ಟೈಪ್ ಸಿಲಿಂಡರ್. ಪೂರ್ತಿ ತುಂಬಿದ್ದರೆ ಅದರಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ಗೇಜಿನ ಮುಳ್ಳು ಅರ್ಧಕ್ಕೆ ನಿಂತಿದೆ. ಅಂದರೆ 750 ಲೀಟರ್, ಅಂದರೆ 75 ನಿಮಿಷ. ನೆಲಮಂಗಲ ದಾಟಿ, ಜಾಲಹಳ್ಳಿ ಕ್ರಾಸ್ ದಾಟಿ, ಗೊರಗುಂಟೆಪಾಳ್ಯಕ್ಕೆ ಬರುವಾಗ ಸಂಜೆ ಆರೂವರೆ ಆಗಿದ್ದರೆ ಆ 75 ನಿಮಿಷ ಎಲ್ಲಿಗೂ ಸಾಲುವುದಿಲ್ಲ. ಈ ಲೆಕ್ಕವನ್ನು ತುಮಕೂರಿನ ಗೇಟಿನಲ್ಲೇ ಮಾಡಬೇಕು. ಇನ್ನೊಂದು ಸಿಲಿಂಡರ್ ಹಾಕಿಸಿಕೊಂಡೇ ಹೊರಡಬೇಕು. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ, ಒಂದು ಭಾಗಾಕಾರ ಸಾಕು. ಆದರೆ ಆ ಭಾಗಾಕಾರ ತನ್ನ ಕೆಲಸ ಅಂತ ಗೊತ್ತಿರುವವರು ಗಾಡಿಯಲ್ಲಿ ಇರಬೇಕು.

ನಮ್ಮ ಸಂಬಂಧಿಕರೊಬ್ಬರನ್ನು ಹೀಗೇ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕರೆದೊಯ್ಯುವಾಗ, ಬುಕ್ ಮಾಡಿಕೊಂಡವರು ‘ಜೊತೆಗೆ ಟೆಕ್ನಿಷಿಯನ್ ಬರ್ತಾರೆ ಸಾರ್’ ಅಂದಿದ್ದರು. ಬಂದ ಹುಡುಗ ಒಳ್ಳೆಯವನೇ. ಆಕ್ಸಿಜನ್ ಹರಿವು ತೋರಿಸುವ ಫ್ಲೋ ಮೀಟರ್ ಯಾವ ಕಡೆ ತಿರುಗಿಸಬೇಕು ಅಂತ ಪೈಲಟ್‌ನನ್ನು ಕೇಳಿದ. ಪೈಲಟ್ ಮುಂದಿನಿಂದಲೇ ಕೂಗಿ ಹೇಳಿಕೊಟ್ಟ. ಬಿಲ್‌ನಲ್ಲಿ ಮಾತ್ರ ಪ್ಯಾರಾಮೆಡಿಕ್ ಚಾರ್ಜ್ ಅಂತ ಬೇರೆಯದೇ ಒಂದು ಸಾಲು ಇತ್ತು.

ಓಡುವ ಗಾಡಿಯಲ್ಲಿ ಸ್ಟೆತಾಸ್ಕೋಪ್ ಸರಿಯಾಗಿ ಕೇಳಿಸುವುದಿಲ್ಲ. ಬಿಪಿ ಮೆಷಿನ್ ಕುಲುಕಾಟಕ್ಕೆ ಎರರ್ ತೋರಿಸುತ್ತದೆ. ಅನುಭವ ಇರುವವರು ಆಗ ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದಾ ನೋಡುತ್ತಾರೆ. ಚರ್ಮ ತಣ್ಣಗಾಗಿದೆಯಾ, ಬೆವರಿದ್ದಾರಾ, ಹೆಸರು ಕೇಳಿದರೆ ಸರಿಯಾಗಿ ಹೇಳುತ್ತಾರಾ ಅಂತ ಗಮನಿಸುತ್ತಾರೆ. ಪ್ರಜ್ಞೆ ತಪ್ಪಿದವರನ್ನು ಸ್ಟ್ರೋಕ್ ಅಂತ ಓಡಿಸುವ ಮೊದಲು ಬೆರಳಿಂದ ಒಂದು ಹನಿ ರಕ್ತ ತೆಗೆದು ಶುಗರ್ ನೋಡುತ್ತಾರೆ. ಇನ್ಸುಲಿನ್ ತಗೊಂಡು ಊಟ ಬಿಟ್ಟವರಾಗಿದ್ದರೆ ಶುಗರ್ ಪೂರ್ತಿ ಇಳಿದಿರುತ್ತದೆ. ನರಕ್ಕೆ ಡೆಕ್ಸ್‌ಟ್ರೋಸ್ ಹೋದರೆ ಸ್ವಲ್ಪ ಹೊತ್ತಿಗೇ ಕಣ್ಣು ಬಿಟ್ಟು ‘ನಾನೆಲ್ಲಿದ್ದೀನಿ’ ಅಂತ ಕೇಳುತ್ತಾರೆ. ಲೈನ್ (ನರಕ್ಕೆ ಸೂಜಿ) ಹಾಕಲು ಬರದವರು, ಅಥವಾ ಬಂದರೂ ಹಾಕಲು ಹೆದರುವವರು ಇದ್ದರೆ ಅದೇ ರೋಗಿ ಮಿದುಳಿಗೆ ಸಕ್ಕರೆ ಇಲ್ಲದೆ ಮುಕ್ಕಾಲು ಗಂಟೆ ಕಳೆಯಬೇಕಾಗುತ್ತದೆ.

ಹೃದಯ ನಿಂತಾಗಲಂತೂ ಒಂದೊಂದು ನಿಮಿಷಕ್ಕೂ ಲೆಕ್ಕ ಇದೆ. ಡಿಫಿಬ್ರಿಲೇಟರ್‌ನಿಂದ ಶಾಕ್ ಕೊಡುವುದು ಒಂದು ನಿಮಿಷ ತಡವಾದರೆ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ ಆಗಬೇಕು. ಆಳ 5 ಸೆಂಟಿಮೀಟರ್‌ಗೆ ಕಮ್ಮಿ ಆಗಬಾರದು, 6 ದಾಟಬಾರದು. ಇದನ್ನು ನೆಲದ ಮೇಲೆ ಮಂಡಿಯೂರಿ ಮಾಡುವುದೇ ಕಷ್ಟ. ನಮ್ಮ ಊರಿನ ಹಂಪ್‌ಗಳ ಮೇಲೆ, ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದುಕೊಂಡು ಮಾಡುವವರ ಸ್ಥಿತಿ ಯೋಚಿಸಿ. ಒಬ್ಬರೇ ಇದ್ದರೆ ಎದೆ ಒತ್ತುವವರೂ ಅವರೇ, ಉಸಿರು ಕೊಡುವ ಅಂಬು ಬ್ಯಾಗ್ ಹಿಂಡುವವರೂ ಅವರೇ, ಅಳುತ್ತಿರುವ ಮಗನನ್ನು ಸಮಾಧಾನ ಮಾಡುವವರೂ ಅವರೇ.

ಇನ್ನೊಂದು ಕೆಲಸ ಹೊರಗಿನವರಿಗೆ ಕಾಣುವುದೇ ಇಲ್ಲ. ಎಲ್ಲಿಗೆ ಹೋಗಬೇಕು ಅನ್ನುವ ತೀರ್ಮಾನ. ಯಲಹಂಕದಲ್ಲಿ ಬೈಕ್‌ನಿಂದ ಬಿದ್ದವರ ತಲೆಗೆ ಪೆಟ್ಟಾಗಿದೆ. ಮನೆಯವರು ‘ನಿಮ್ಹಾನ್ಸ್‌ಗೆ ಹೋಗಿ’ ಅನ್ನುತ್ತಾರೆ. ಬೆಂಗಳೂರಿನಲ್ಲಿ ತಲೆ ಅಂದರೆ ನಿಮ್ಹಾನ್ಸ್, ಎದೆ ಅಂದರೆ ಜಯದೇವ, ಮೂಳೆ ಅಂದರೆ ಸಂಜಯ್ ಗಾಂಧಿ ಆಸ್ಪತ್ರೆ ಅಂತ ಎಲ್ಲರಿಗೂ ಬಾಯಿಪಾಠ. ಆದರೆ ಇವರ ಹೊಟ್ಟೆಯೂ ಗಟ್ಟಿಯಾಗಿದೆ, ನಾಡಿ ಓಡುತ್ತಿದೆ, ಬಿಪಿ ಇಳಿಯುತ್ತಿದೆ. ಒಳಗೆ ಎಲ್ಲೋ ರಕ್ತ ಸೋರುತ್ತಿದೆ ಅಂತ ಅರ್ಥ. ಆಗ ಬೇಕಾಗಿರುವುದು ಹೊಟ್ಟೆ ತೆರೆಯಬಲ್ಲ ಸರ್ಜನ್ ಈ ಹೊತ್ತಿನಲ್ಲಿ ಸಿಗುವ, ರಕ್ತ ಇರುವ, ಹತ್ತಿರದ ಆಸ್ಪತ್ರೆ. ಊರಿಗೆಲ್ಲ ಗೊತ್ತಿರುವ ಹೆಸರು ಅದಲ್ಲದೆಯೂ ಇರಬಹುದು. ಸ್ಟ್ರೋಕ್ ಆಗಿದ್ದರೆ ಸಿಟಿ ಸ್ಕ್ಯಾನ್ ಇರುವ ಕಡೆ ಹೋಗಬೇಕು, ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು ಇದೆ. ಇದನ್ನು ಹೇಳಿ ಮನೆಯವರನ್ನು ಒಪ್ಪಿಸಬೇಕು. ಯೂನಿಫಾರ್ಮ್ ಹಾಕಿದ 24 ವರ್ಷದ ಹುಡುಗಿ ಹೇಳಿದರೆ ‘ನೀನ್ಯಾರಮ್ಮ, ಡಾಕ್ಟರಾ?’ ಅಂತ ಕೇಳುವವರೇ ಜಾಸ್ತಿ. ಆ ಪ್ರಶ್ನೆಗೆ ಉತ್ತರ ಕೊಡಲು ಆಕೆಯ ಹತ್ತಿರ ಒಂದು ನೋಂದಣಿ ಸಂಖ್ಯೆಯಾದರೂ ಬೇಕಲ್ವಾ?

ಆಸ್ಪತ್ರೆ ಮುಟ್ಟಿದ ಮೇಲೆ ಹ್ಯಾಂಡೋವರ್, ಅಂದರೆ ರೋಗಿಯನ್ನು ಡಾಕ್ಟರಿಗೆ ಒಪ್ಪಿಸುವುದು. ಕ್ಯಾಶುವಾಲಿಟಿ ಬಾಗಿಲಲ್ಲಿ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬೇಕು: ‘58 ವರ್ಷ, ಗಂಡಸು, ಒಂದೂವರೆ ಗಂಟೆಯಿಂದ ಎದೆನೋವು, ಎಡಗೈಗೆ ಬರ್ತಿದೆ, ಶುಗರ್ ಪೇಷಂಟ್, ಬಿಪಿ 90/60, ಆಸ್ಪಿರಿನ್ ಕೊಟ್ಟಾಗಿದೆ, ಅಲರ್ಜಿ ಇಲ್ಲ.’ ಚೆನ್ನಾಗಿ ಹೇಳಿದರೆ ಡ್ಯೂಟಿ ಡಾಕ್ಟರ್ ನೇರ ಇಸಿಜಿಗೆ ಕೈ ಹಾಕುತ್ತಾರೆ. ‘ಎದೆನೋವು ಸಾರ್’ ಅಂತ ಬಿಟ್ಟು ಹೋದರೆ ಎಲ್ಲ ಮೊದಲಿಂದ ಶುರು. ಆಮೇಲೆ ಬೆಡ್ ಇಲ್ಲ ಅಂದರೆ ರೋಗಿ ಗಾಡಿಯ ಸ್ಟ್ರೆಚರ್ ಮೇಲೇ ಉಳಿಯುತ್ತಾರೆ. ಸ್ಟ್ರೆಚರ್ ಬರುವವರೆಗೆ ಗಾಡಿ ಅಲ್ಲೇ. ಮುಂದಿನ ಕೇಸ್‌ಗೆ ಇನ್ನೆಲ್ಲಿಂದಲೋ ಇನ್ನೊಂದು ಗಾಡಿ.

ಆ ಸೀಟಿನಲ್ಲಿ ಕೂರುವವರು

ಬೆಂಗಳೂರಿನ ರಸ್ತೆಯಲ್ಲಿ ಓಡುವ ಆಂಬುಲೆನ್ಸ್‌ಗಳೆಲ್ಲ ಒಂದೇ ಅಲ್ಲ. 108 ಆರೋಗ್ಯ ಕವಚ ಇದೆ. ಅದು ಕರ್ನಾಟಕದಲ್ಲಿ ಶುರುವಾಗಿದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಸರ್ಕಾರದ ದುಡ್ಡು, ಶುರುವಿನಿಂದ ಹಲವು ವರ್ಷ ಖಾಸಗಿ ಸಂಸ್ಥೆಯ ನಿರ್ವಹಣೆ. ಗಾಡಿಯಲ್ಲಿ ಇಬ್ಬರು. ಒಬ್ಬ ಪೈಲಟ್, ಇನ್ನೊಬ್ಬರು ಇಎಂಟಿ, ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್. ನಮ್ಮ ರಾಜ್ಯದಲ್ಲಿ ಈ ಇಎಂಟಿಗಳಲ್ಲಿ ಬಹಳಷ್ಟು ಜನ ನರ್ಸಿಂಗ್ ಓದಿದವರು. ಕೆಲಸಕ್ಕೆ ಸೇರಿದ ಮೇಲೆ ತುರ್ತು ಚಿಕಿತ್ಸೆಯ ತರಬೇತಿ ಆಗುತ್ತದೆ. ಕಷ್ಟದ ಕೇಸ್ ಬಂದರೆ ಕಾಲ್ ಸೆಂಟರ್‌ನಲ್ಲಿರುವ ವೈದ್ಯರನ್ನು ಫೋನಿನಲ್ಲಿ ಕೇಳಿ ಮುಂದುವರಿಯುತ್ತಾರೆ. 2015ರಲ್ಲಿ ಬೈಕ್ ಆಂಬುಲೆನ್ಸ್ ಕೂಡ ಬಂತು. ಅದರಲ್ಲಿ ಓಡಿಸುವವರೂ ಚಿಕಿತ್ಸೆ ಕೊಡುವವರೂ ಒಬ್ಬರೇ.

ದೊಡ್ಡ ಖಾಸಗಿ ಆಸ್ಪತ್ರೆಗಳ ಗಾಡಿಗಳು ಎರಡನೆಯ ಗುಂಪು. ಇವುಗಳಲ್ಲಿ ಎಮರ್ಜೆನ್ಸಿ ಕೇರ್‌ನಲ್ಲಿ ಬಿಎಸ್‌ಸಿ ಮಾಡಿದವರು ಸಿಗುತ್ತಾರೆ. ಆದರೆ ಆ ಹೊತ್ತಿಗೆ ಕೈ ಖಾಲಿ ಇರುವ ಐಸಿಯು ನರ್ಸ್ ಹತ್ತಿ ಬರುವುದೂ ಇದೆ. ನೀತಿ ಆಯೋಗಕ್ಕಾಗಿ ದೆಹಲಿಯ ಏಮ್ಸ್ ಮಾಡಿದ, 2021ರಲ್ಲಿ ಹೊರಬಂದ ಅಧ್ಯಯನ ದೇಶದ 100 ಆಸ್ಪತ್ರೆಗಳನ್ನು ನೋಡಿತ್ತು. ಶೇಕಡ 91ರಷ್ಟು ಆಸ್ಪತ್ರೆಗಳಿಗೆ ಸ್ವಂತ ಆಂಬುಲೆನ್ಸ್ ಇತ್ತು. ಅದರ ಜೊತೆ ಹೋಗಲು ತರಬೇತಿ ಪಡೆದ ಪ್ಯಾರಾಮೆಡಿಕ್‌ಗಳು ಇದ್ದದ್ದು ಶೇಕಡ 34ರಲ್ಲಿ ಮಾತ್ರ. ಗಾಡಿ ತಗೊಳ್ಳುವುದು ಸುಲಭ, ಅದರಲ್ಲಿ ಕೂರಿಸುವುದಕ್ಕೆ ಜನ ಸಿಗುವುದು ಕಷ್ಟ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಅಂಕಿ ನಾನು ನೋಡಿಲ್ಲ.

ಮೂರನೆಯದು ಆಸ್ಪತ್ರೆಗಳ ಗೇಟಿನ ಹೊರಗೆ ಸಾಲಾಗಿ ನಿಂತಿರುವ ಖಾಸಗಿ ವ್ಯಾನ್‌ಗಳು. ಮಾಲೀಕನದು ಒಂದೋ ಎರಡೋ ಗಾಡಿ. ಊರಿಗೆ ಶವ ಸಾಗಿಸುವುದೂ ಅದರಲ್ಲೇ, ರೋಗಿಯನ್ನು ಶಿಫ್ಟ್ ಮಾಡುವುದೂ ಅದರಲ್ಲೇ. ಇವರನ್ನು ಸುಮ್ನೆ ಬೈಯುವುದು ನನಗಿಷ್ಟ ಇಲ್ಲ. ರಾತ್ರಿ ಎರಡು ಗಂಟೆಗೆ ರಾಯಚೂರಿಗೋ ಬಳ್ಳಾರಿಗೋ ಹೊರಡಲು ಒಪ್ಪುವವರು ಇವರೇ. ಆದರೆ ‘ವೆಂಟಿಲೇಟರ್ ಗಾಡಿ ಇದೆ’ ಅಂದಾಗ ವೆಂಟಿಲೇಟರ್ ಇರುತ್ತದೆ, ಅದನ್ನು ನಡೆಸಲು ಬರುವವರು ಇರುತ್ತಾರೆ ಅನ್ನುವ ಖಾತ್ರಿ ಇಲ್ಲ. ಖಾಸಗಿ ಆಂಬುಲೆನ್ಸ್‌ಗಳನ್ನೂ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಯಡಿ ತರುವ ಮಾತನ್ನು ಆರೋಗ್ಯ ಇಲಾಖೆ ಆಡಿದೆ. ಆ ಚರ್ಚೆ ಬಂದಾಗಲೆಲ್ಲ ಹೆಚ್ಚು ಸದ್ದು ಮಾಡುವುದು ಬಾಡಿಗೆ ದರ. ಹಿಂದೆ ಯಾರು ಕೂರಬೇಕು ಅನ್ನುವುದು ಅಷ್ಟು ಸದ್ದು ಮಾಡುವುದಿಲ್ಲ.

ಓದಿಗೆ ಹತ್ತು ದಾರಿ

ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಏನು ಓದಬೇಕು ಅಂತ ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಡಿ ಎಮರ್ಜೆನ್ಸಿ ಮತ್ತು ಟ್ರಾಮಾ ಕೇರ್ ವಿಷಯದಲ್ಲಿ ಬಿಎಸ್‌ಸಿ ಇದೆ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ಡಿಪ್ಲೊಮಾಗಳನ್ನು ನಡೆಸುತ್ತದೆ. ಪಿಯು ಸೈನ್ಸ್ ಆದವರಿಗೆ ಎರಡು ವರ್ಷ, ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ. ಅಲ್ಲಿ ಹೆಚ್ಚಿನವರು ಸೇರುವುದು ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್‌ಗೆ. ಎಲ್ಲವೂ ಆಸ್ಪತ್ರೆಯ ಗೋಡೆಯ ಒಳಗಿನ ಕೆಲಸ. ಸ್ಕಿಲ್ ಕೌನ್ಸಿಲ್‌ನ ಇಎಂಟಿ ಬೇಸಿಕ್ ಅಂತ ಕೆಲವು ತಿಂಗಳ ಕೋರ್ಸ್ ಇದೆ. ಇದರ ಮೇಲೆ ಬಿಎಲ್‌ಎಸ್, ಎಸಿಎಲ್‌ಎಸ್ ಅನ್ನುವ, ಜೀವ ಉಳಿಸುವ ಕೌಶಲಗಳ ಕಾರ್ಡ್‌ಗಳು. ಒಂದೆರಡು ದಿನದ ತರಬೇತಿ, ಎರಡು ವರ್ಷ ಚಲಾವಣೆ. ಕಾರ್ಡ್‌ಗಳು ಒಳ್ಳೆಯವೇ. ಆದರೆ ಅವು ಒಂದು ಕೌಶಲ ಕಲಿತಿದ್ದಕ್ಕೆ ಸಾಕ್ಷಿ, ವೃತ್ತಿ ಮಾಡಲು ಅನುಮತಿ ಅಲ್ಲ. ಈ ವ್ಯತ್ಯಾಸ ಕೆಲಸ ಕೊಡುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಇವರೆಲ್ಲರೂ ಬಂದು ಕೂರುವುದು ಅದೇ ಒಂದು ಸೀಟಿಗೆ. ನಾಲ್ಕು ವರ್ಷ ಓದಿದವರಿಗೂ ನಾಲ್ಕು ತಿಂಗಳು ಕಲಿತವರಿಗೂ ಒಂದೇ ಬಣ್ಣದ ಯೂನಿಫಾರ್ಮ್.

2021ರ ಕಾಯ್ದೆ ಏನು ಮಾಡಿತು

ಈ ಗೋಜಲನ್ನು ಬಿಡಿಸಲು ಸಂಸತ್ತು 2021ರಲ್ಲಿ ಒಂದು ಕಾಯ್ದೆ ಮಾಡಿತು. ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ. ಫಿಸಿಯೋಥೆರಪಿಯಿಂದ ಲ್ಯಾಬ್‌ವರೆಗೆ 50ಕ್ಕೂ ಹೆಚ್ಚು ವೃತ್ತಿಗಳನ್ನು 10 ಗುಂಪು ಮಾಡಿ ಪಟ್ಟಿ ಕೊಟ್ಟಿದ್ದಾರೆ. ಟ್ರಾಮಾ, ಸುಟ್ಟಗಾಯ ಮತ್ತು ಅರಿವಳಿಕೆ ಇರುವ ಗುಂಪಿನಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್, ಅಡ್ವಾನ್ಸ್ ಕೇರ್ ಪ್ಯಾರಾಮೆಡಿಕ್ ಅಂತ ಎರಡು ಹೆಸರು ಇವೆ. ಈ ಕೆಲಸ ಒಂದು ವೃತ್ತಿ ಅಂತ ದೇಶದ ಕಾನೂನು ಒಪ್ಪಿಕೊಂಡಿತು. ಅದು ಸಣ್ಣ ಮಾತಲ್ಲ.

ಕಾಯ್ದೆ ಗಂಟೆಗಳ ಲೆಕ್ಕವನ್ನೂ ಹಾಕಿದೆ. ಅಲೈಡ್ ಹೆಲ್ತ್ ಅಂತ ಕರೆಸಿಕೊಳ್ಳಲು ಎರಡರಿಂದ ನಾಲ್ಕು ವರ್ಷದಲ್ಲಿ ಕನಿಷ್ಠ 2,000 ಗಂಟೆಯ ಓದು ಬೇಕು. ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸಿಕೊಳ್ಳಲು ಮೂರರಿಂದ ಆರು ವರ್ಷದಲ್ಲಿ ಕನಿಷ್ಠ 3,600 ಗಂಟೆಯ ಪದವಿ ಬೇಕು. ಈಗಾಗಲೇ ಕೆಲಸದಲ್ಲಿರುವವರಿಗೆ ತಾತ್ಕಾಲಿಕ ನೋಂದಣಿಗೆ ದಾರಿ ಇಟ್ಟಿದ್ದಾರೆ. ಪ್ರತಿ ರಾಜ್ಯವೂ ಆರು ತಿಂಗಳಲ್ಲಿ ತನ್ನದೇ ಕೌನ್ಸಿಲ್ ಮಾಡಬೇಕು, ಅದು ರಿಜಿಸ್ಟರ್ ಇಡಬೇಕು ಅಂತಲೂ ಹೇಳಿದೆ.

ಆರು ತಿಂಗಳು ಕಳೆಯಿತು, ಮೂರು ವರ್ಷವೂ ಕಳೆಯಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಮತ್ತು ರಾಜ್ಯಗಳಿಗೆ ಎರಡು ತಿಂಗಳಲ್ಲಿ ಕಾಯ್ದೆ ಜಾರಿ ಮಾಡಿ ಅಂತ ಹೇಳಬೇಕಾಯಿತು. ಕೌನ್ಸಿಲ್ ಮಾಡಿದ ರಾಜ್ಯಗಳಲ್ಲೂ ಅವು ನಡೆಯುತ್ತಿಲ್ಲ ಅನ್ನುವ ವಿಷಯ ಆಗ ಕೋರ್ಟಿನ ಮುಂದೆ ಬಂದಿತ್ತು.

ಇಲ್ಲಿ ಒಂದು ತಮಾಷೆ ನೋಡಿ. ನರ್ಸ್‌ಗಳು ಈ ಕಾಯ್ದೆಯ ಕೆಳಗೆ ಬರುವುದಿಲ್ಲ. ಅವರಿಗೆ ಬೇರೆ ಕೌನ್ಸಿಲ್ ಇದೆ. ರಾಜ್ಯದಲ್ಲಿ 1961ರಿಂದಲೇ ಅದಕ್ಕೆ ಕಾನೂನು ಇದೆ. ಅಂದರೆ 108 ಗಾಡಿಯಲ್ಲಿ ನರ್ಸ್ ಕೂತಿದ್ದರೆ ಅವರು ನರ್ಸಿಂಗ್ ಕೌನ್ಸಿಲ್‌ಗೆ ಸೇರಿದವರು. ಅದೇ ಸೀಟಿನಲ್ಲಿ ಬಿಎಸ್‌ಸಿ ಎಮರ್ಜೆನ್ಸಿ ಕೇರ್ ಓದಿದವರು ಕೂತರೆ ಹೊಸ ಕೌನ್ಸಿಲ್‌ಗೆ ಸೇರಿದವರು. ಸ್ಕಿಲ್ ಕೋರ್ಸ್ ಮಾಡಿದವರು ಕೂತರೆ 2,000 ಗಂಟೆ ಮುಟ್ಟುವುದೇ ಇಲ್ಲ, ಹಾಗಾಗಿ ಯಾರಿಗೂ ಸೇರಿದವರಲ್ಲ. ನರ್ಸಿಂಗ್ ನೋಂದಣಿ ವಾರ್ಡ್‌ನಲ್ಲಿ ಡಾಕ್ಟರ್ ಇರುವಾಗಿನ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಓಡುವ ಗಾಡಿಯಲ್ಲಿ ಒಬ್ಬರೇ ಇದ್ದಾಗ ಏನು ಮಾಡಬಹುದು ಅನ್ನುವುದನ್ನು ಅದು ಬಿಡಿಸಿ ಹೇಳುವುದಿಲ್ಲ. ನರ್ಸ್‌ಗಳು ಆಂಬುಲೆನ್ಸ್‌ನಲ್ಲಿ ಇರಬಾರದು ಅಂತ ನಾನು ಹೇಳುತ್ತಿಲ್ಲ. ಇಷ್ಟು ವರ್ಷ ಈ ರಾಜ್ಯದಲ್ಲಿ 108 ನಡೆದಿರುವುದು ಅವರಿಂದಲೇ. ಆದರೆ ಅವರ ನರ್ಸಿಂಗ್ ನೋಂದಣಿಯನ್ನೇ ಎರವಲು ತಂದು ಇನ್ನೊಂದು ಕೆಲಸ ಮಾಡಿಸುತ್ತಿದ್ದೇವೆ ಅನ್ನುವುದು ನಿಜ.

ಕಾರ್ಡ್ ಅಲ್ಲ, ಪಟ್ಟಿ

ಲೈಸೆನ್ಸ್ ಅಂದರೆ ಫೋಟೊ ಅಂಟಿಸಿದ ಒಂದು ಕಾರ್ಡ್ ಅಂತ ಅಂದುಕೊಂಡರೆ ಈ ಕಾಯ್ದೆಯಿಂದ ಹೆಚ್ಚೇನೂ ಬದಲಾಗುವುದಿಲ್ಲ. ಇನ್ನೊಂದು ಫೀಸ್ ಕಟ್ಟುವ ಕೌಂಟರ್ ಹುಟ್ಟುತ್ತದೆ, ಅಷ್ಟೇ. ಈ ಕೆಲಸದಲ್ಲಿ ಲೈಸೆನ್ಸ್‌ನ ತಿರುಳು ಇರುವುದು ಅದರ ಹಿಂದಿನ ಪಟ್ಟಿಯಲ್ಲಿ. ಯಾವ ಔಷಧಿ, ಎಷ್ಟು ಡೋಸ್, ಯಾವ ಲಕ್ಷಣ ಕಂಡರೆ, ಡಾಕ್ಟರ್‌ನ ಕೇಳದೆ ಕೊಡಬಹುದು? ಯಾವುದನ್ನು ಕೇಳಿಯೇ ಕೊಡಬೇಕು? ಗಂಟಲಿಗೆ ಟ್ಯೂಬ್ ಹಾಕಬಹುದಾ? ಎದೆಯಲ್ಲಿ ಗಾಳಿ ತುಂಬಿಕೊಂಡಾಗ ಸೂಜಿ ಚುಚ್ಚಬಹುದಾ?

ಬ್ರಿಟನ್‌ನಲ್ಲಿ ಪ್ಯಾರಾಮೆಡಿಕ್‌ಗಳು ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ನೋಂದಾಯಿಸಲೇಬೇಕು. ಎರಡು ವರ್ಷಕ್ಕೊಮ್ಮೆ ನವೀಕರಣ. ನೋಂದಣಿ ಇಲ್ಲದೆ ಪ್ಯಾರಾಮೆಡಿಕ್ ಅಂತ ಹೇಳಿಕೊಂಡರೆ ಅಪರಾಧ. ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹೆಸರು ಹಾಕಿ ನೋಡಬಹುದು. ಆದರೆ ಕೆಲಸಕ್ಕೆ ಬರುವುದು ಇನ್ನೊಂದು ಕಾಗದ. ಅಲ್ಲಿನ 2012ರ ಔಷಧಿ ನಿಯಮಗಳ 17ನೇ ಷೆಡ್ಯೂಲ್‌ನಲ್ಲಿ, ನೋಂದಾಯಿತ ಪ್ಯಾರಾಮೆಡಿಕ್ ಚೀಟಿ ಇಲ್ಲದೆ ಕೊಡಬಹುದಾದ ಇಂಜೆಕ್ಷನ್‌ಗಳ ಹೆಸರು ಬರೆದಿದ್ದಾರೆ. ಕಾನೂನೇ ಪಟ್ಟಿ ಕೊಟ್ಟ ಮೇಲೆ ಗಾಡಿಯಲ್ಲಿ ಕೂತವರು ಯಾರಿಗೂ ಹೆದರಬೇಕಿಲ್ಲ. ಪಟ್ಟಿಯ ಆಚೆ ಹೋದರೆ ಉತ್ತರ ಕೊಡಬೇಕು. ಎರಡೂ ಸ್ಪಷ್ಟ.

ನಮ್ಮಲ್ಲಿ ಏನಾಗುತ್ತದೆ? ಕಡಲೆಕಾಯಿ ತಿಂದು ಅಲರ್ಜಿಯಾಗಿ, ಮುಖ ಊದಿ, ಉಸಿರು ಕಟ್ಟುತ್ತಿರುವ ದೊಡ್ಡವರಿಗೆ ತೊಡೆಗೆ ಅರ್ಧ ಮಿಲಿಗ್ರಾಂ ಅಡ್ರಿನಲಿನ್ ಕೊಡಬೇಕು, ಕೂಡಲೇ. ಇದು ಎಲ್ಲ ಪುಸ್ತಕದಲ್ಲೂ ಇದೆ, ಬಿಎಸ್‌ಸಿಯಲ್ಲಿ ಓದಿರುತ್ತಾರೆ, ಕಿಟ್‌ನಲ್ಲಿ ಆಂಪುಲ್ ಕೂಡ ಇರಬಹುದು. ಆದರೆ ಹೆಚ್ಚುಕಮ್ಮಿ ಆದರೆ ‘ನಿನಗೆ ಕೊಡಲು ಯಾರು ಹೇಳಿದರು’ ಅಂತ ಮನೆಯವರು, ಮಾಲೀಕರು, ಪೊಲೀಸರು ಎಲ್ಲರೂ ಕೇಳುತ್ತಾರೆ. ಒಳ್ಳೆಯ ಸಂಸ್ಥೆಗಳು ತಮ್ಮದೇ ಪ್ರೋಟೋಕಾಲ್ ಪುಸ್ತಕ ಇಟ್ಟು, ವೈದ್ಯರ ಸಹಿ ಹಾಕಿಸಿ, ಫೋನ್ ಲೈನ್ ಕೊಟ್ಟು ಕಾಪಾಡುತ್ತವೆ. ಚಿಕ್ಕ ಮಾಲೀಕರ ಹತ್ತಿರ ಆ ಪುಸ್ತಕ ಇಲ್ಲ. ಕರ್ನಾಟಕದಲ್ಲಿ 2016ರ ಗುಡ್ ಸಮಾರಿಟನ್ ಕಾಯ್ದೆ ಇದೆ. ರಸ್ತೆಯಲ್ಲಿ ಬಿದ್ದವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದ ದಾರಿಹೋಕರಿಗೆ ಕಿರುಕುಳ ಆಗಬಾರದು ಅನ್ನುವುದು ಅದರ ಮುಖ್ಯ ಉದ್ದೇಶ. ಸಂಬಳಕ್ಕೆ ಚಿಕಿತ್ಸೆ ಕೊಡುವವರ ಅಧಿಕಾರದ ಪಟ್ಟಿ ಅದರಿಂದ ಸಿಗುವುದಿಲ್ಲ.

ಹೃದಯಾಘಾತದ ವಿಷಯದಲ್ಲಿ ಕರ್ನಾಟಕ ಒಂದು ಒಳ್ಳೆಯ ಕೆಲಸ ಮಾಡಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂತಹ ಹಬ್‌ಗೆ ಕಳಿಸುತ್ತಾರೆ. ಅಲ್ಲಿಂದ ಹೇಳಿದ ಮೇಲೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ದೂರದ ತಜ್ಞ, ಹತ್ತಿರದ ಕೈ, ಇಬ್ಬರಿಗೂ ಒಪ್ಪಿಗೆಯಾದ ನಿಯಮ. ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟು ಗಾಡಿಯಲ್ಲೇ ಇಸಿಜಿ ತೆಗೆದು ಕಳಿಸಿದರೆ, ಆಸ್ಪತ್ರೆ ಬಾಗಿಲು ಮುಟ್ಟುವ ಮೊದಲೇ ಕ್ಯಾತ್‌ಲ್ಯಾಬ್ (ಹೃದಯದ ರಕ್ತನಾಳ ತೆರೆಯುವ ಕೋಣೆ) ತಯಾರಾಗುತ್ತದೆ. ಯಂತ್ರ ಸಿಗುತ್ತದೆ, ಇಂಟರ್‌ನೆಟ್ ಇದೆ. ಎಲೆಕ್ಟ್ರೋಡ್ ಸರಿಯಾದ ಜಾಗಕ್ಕೆ ಅಂಟಿಸುವ, ಆ ಇಸಿಜಿಗೆ ತನ್ನ ಹೆಸರು ಮತ್ತು ನಂಬರ್ ಬರೆಯಬಲ್ಲ ವ್ಯಕ್ತಿ ಬೇಕು.

ಹೊರಟು ಹೋಗುವವರು

ಬೆಂಗಳೂರಿನ ಕಾಲೇಜುಗಳಲ್ಲಿ ಎಮರ್ಜೆನ್ಸಿ ಕೇರ್ ಓದಿದವರ ಗುಂಪಿನಲ್ಲಿ ಕೂತರೆ ಎರಡು ಪದ ಪದೇ ಪದೇ ಕಿವಿಗೆ ಬೀಳುತ್ತವೆ. ಡೇಟಾಫ್ಲೋ ಮತ್ತು ಪ್ರೊಮೆಟ್ರಿಕ್. ಡೇಟಾಫ್ಲೋ ಅಂದರೆ ನಿಮ್ಮ ಸರ್ಟಿಫಿಕೇಟು ನಿಜವಾ ಅಂತ ಕಾಲೇಜಿಗೇ ಬರೆದು ಕೇಳುವ ಪರಿಶೀಲನೆ. ಪ್ರೊಮೆಟ್ರಿಕ್ ಅಂದರೆ ಕಂಪ್ಯೂಟರ್ ಪರೀಕ್ಷೆ. ಇವು ಗಲ್ಫ್‌ಗೆ ಹೋಗುವ ದಾರಿ. ದುಬೈ, ಸೌದಿಯಲ್ಲಿ ಆಂಬುಲೆನ್ಸ್ ಹತ್ತಬೇಕಾದರೆ ಮೊದಲು ಅಲ್ಲಿನ ಲೈಸೆನ್ಸ್ ಬೇಕು. ಇಲ್ಲೇ ಓದಿದವರು, ಇಲ್ಲಿನ ಕ್ಯಾಶುವಾಲಿಟಿಗಳಲ್ಲೇ ಕೈ ಪಳಗಿಸಿಕೊಂಡವರು, ತಮ್ಮ ಜೀವನದ ಮೊದಲ ಲೈಸೆನ್ಸ್ ತಗೊಳ್ಳುವುದು ಇನ್ನೊಂದು ದೇಶದಿಂದ.

ಸಂಬಳ ಇದಕ್ಕೆ ದೊಡ್ಡ ಕಾರಣ ಅನ್ನುವುದು ಗೊತ್ತೇ ಇದೆ. ಇಲ್ಲಿ 12 ಗಂಟೆ ಶಿಫ್ಟ್, ಗುತ್ತಿಗೆ ಕೆಲಸ. 108 ಸಿಬ್ಬಂದಿ ಬಾಕಿ ಸಂಬಳಕ್ಕಾಗಿ ಮುಷ್ಕರದ ಎಚ್ಚರಿಕೆ ಕೊಟ್ಟ ಸುದ್ದಿ ನಾವು ಮತ್ತೆ ಮತ್ತೆ ಓದಿದ್ದೇವೆ. ಆದರೆ ಸಂಬಳಕ್ಕೂ ಲೈಸೆನ್ಸ್‌ಗೂ ನೇರ ಸಂಬಂಧ ಇದೆ. ನೋಂದಣಿಯೇ ಇಲ್ಲದ ಕೆಲಸಕ್ಕೆ ಯಾರನ್ನು ಬೇಕಾದರೂ ತರಬಹುದು. ಯಾರನ್ನು ಬೇಕಾದರೂ ತರಬಹುದಾದ ಕೆಲಸಕ್ಕೆ ಮಾಲೀಕ ಜಾಸ್ತಿ ಯಾಕೆ ಕೊಡುತ್ತಾನೆ? ಐದು ವರ್ಷ ಆಂಬುಲೆನ್ಸ್ ನೋಡಿದವರು ಹೊಸಬರಿಗಿಂತ ಒಂದು ಮೆಟ್ಟಿಲು ಮೇಲೆ ಅಂತ ತೋರಿಸಲು ಬೇಸಿಕ್, ಅಡ್ವಾನ್ಸ್ಡ್ ಅನ್ನುವ ದರ್ಜೆಯೇ ನಮ್ಮಲ್ಲಿ ನೆಲೆಯೂರಿಲ್ಲ. ಅಮೆರಿಕದಲ್ಲಿ ಇಎಂಆರ್ (ಮೊದಲು ತಲುಪಿ ನೆರವಾಗುವವರು), ಇಎಂಟಿ, ಅಡ್ವಾನ್ಸ್ಡ್ ಇಎಂಟಿ, ಪ್ಯಾರಾಮೆಡಿಕ್ ಅಂತ ನಾಲ್ಕು ಮೆಟ್ಟಿಲು ಇವೆ. ಒಂದೊಂದು ಮೆಟ್ಟಿಲಿಗೂ ಬೇರೆ ಓದು, ಬೇರೆ ಅಧಿಕಾರ.

ನಾಳೆಯಿಂದ ನೋಂದಣಿ ಇಲ್ಲದವರು ಯಾರೂ ಗಾಡಿ ಹತ್ತಬಾರದು ಅಂತ ಆದೇಶ ಹೊರಡಿಸಿ ಅನ್ನುವವರೂ ಇದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಹಾಗೆ ಮಾಡಿದರೆ ಗಾಡಿಗಳು ನಿಲ್ಲುತ್ತವೆ, ಜನ ಆಟೋದಲ್ಲಿ ರೋಗಿಯನ್ನು ಹಾಕಿಕೊಂಡು ಓಡುತ್ತಾರೆ. ಈಗ ಕೆಲಸದಲ್ಲಿರುವ ಎಷ್ಟೋ ಜನರಿಗೆ ಪದವಿ ಇಲ್ಲದಿದ್ದರೂ ಸಾವಿರಾರು ಕೇಸ್‌ಗಳ ಅನುಭವ ಇದೆ. ರಾತ್ರಿ ಯಾವ ಆಸ್ಪತ್ರೆಯಲ್ಲಿ ನ್ಯೂರೋಸರ್ಜನ್ ಸಿಗುತ್ತಾರೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ. ಅವರಿಗೆ ಪರೀಕ್ಷೆ ಇಡಿ, ಬಿಟ್ಟುಹೋದ ಗಂಟೆಗಳನ್ನು ಸಂಜೆ ತರಗತಿಯಲ್ಲಿ ತುಂಬಿಸಿ, ತಾತ್ಕಾಲಿಕ ನೋಂದಣಿ ಕೊಟ್ಟು ಮೇಲೆ ತನ್ನಿ. ನರ್ಸ್‌ಗಳಿಗೆ ಆಂಬುಲೆನ್ಸ್ ಕೆಲಸಕ್ಕೆಂದೇ ಒಂದು ಹೆಚ್ಚುವರಿ ಅರ್ಹತೆಯನ್ನು ಎರಡೂ ಕೌನ್ಸಿಲ್‌ಗಳು ಕೂತು ಒಪ್ಪಲಿ. ಬಿ ಬಗೆಯ ಗಾಡಿಗೆ ಸಹಾಯಕ ಸಾಕು. ಡಯಾಲಿಸಿಸ್‌ಗೆ ಹೋಗಿಬರುವ ಅಜ್ಜಿಗೆ ಅಡ್ವಾನ್ಸ್ಡ್ ಪ್ಯಾರಾಮೆಡಿಕ್ ಬೇಕಿಲ್ಲ. ಸಿ ಮತ್ತು ಡಿ ಬಗೆಗೆ ಮಾತ್ರ ಬಿಗಿ ಮಾಡಿ.

ಇದಕ್ಕೆ ದೆಹಲಿ ಕಡೆ ನೋಡುತ್ತಾ ಕೂರಬೇಕಿಲ್ಲ. ರಾಜ್ಯದಲ್ಲಿ ಆಂಬುಲೆನ್ಸ್ ಸೇವೆಗೆ ಅತಿ ಹೆಚ್ಚು ದುಡ್ಡು ಕೊಡುವುದು ಸರ್ಕಾರವೇ. 108ರ ಟೆಂಡರ್ ಕರೆದರೂ, ಇಲಾಖೆಯೇ ಸೇವೆ ನಡೆಸಿದರೂ ಸಿಬ್ಬಂದಿ ನೇಮಕದ ಷರತ್ತು ಬರೆಯುವುದು ಆರೋಗ್ಯ ಇಲಾಖೆ. ಗಾಡಿ ಎಷ್ಟು ನಿಮಿಷಕ್ಕೆ ತಲುಪಬೇಕು ಅಂತ ಬರೆಯುವ ಕಡೆಯೇ, ಪ್ರತಿ ಶಿಫ್ಟ್‌ನಲ್ಲೂ ಹಿಂದೆ ಕೂತವರ ಕೌನ್ಸಿಲ್ ನಂಬರ್ ರೋಗಿಯ ದಾಖಲೆಯಲ್ಲಿ ಇರಬೇಕು ಅಂತ ಒಂದು ಸಾಲು ಸೇರಿಸಬಹುದು. ಆರೋಗ್ಯ ವಿಮೆ ಕಂಪನಿಗಳು ಆಂಬುಲೆನ್ಸ್ ಬಿಲ್ ಕೊಡುವ ಮೊದಲು ಅದೇ ನಂಬರ್ ಕೇಳಬಹುದು. ಖಾಸಗಿ ಗಾಡಿ ಕರೆಯುವ ಮನೆಯವರೂ ಈಗಲೇ ಕೇಳಲು ಶುರು ಮಾಡಬಹುದು: ಜೊತೆಗೆ ಬರುವವರು ಏನು ಓದಿದ್ದಾರೆ, ಯಾವ ಕೌನ್ಸಿಲ್‌ನಲ್ಲಿ ನೋಂದಣಿ ಆಗಿದೆ, ಸಿಲಿಂಡರ್ ಎಷ್ಟು ತುಂಬಿದೆ. ಮೂರನೆಯದಕ್ಕಾದರೂ ಹೊರಡುವ ಮೊದಲೇ ಉತ್ತರ ಸಿಗುತ್ತದೆ, ಗೇಜ್ ಗಾಡಿಯಲ್ಲೇ ಇರುತ್ತದೆ.